ಬಸುರಿ ಕೆಲಸಕ್ಕೆ ಹೋಗುವ ದಾರಿ: ಬಸ್ಸೇ, ಮೆಟ್ರೊನೇ, ಸ್ಕೂಟರೇ?

ಬೆಂಗಳೂರಿನಲ್ಲಿ ದುಡಿಯುವ ಹೆಣ್ಣುಮಗಳು ಬಸುರಿ ಎಂದು ಗೊತ್ತಾದ ವಾರದಲ್ಲೇ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇನ್ನು ದಿನಾ ಕೆಲಸಕ್ಕೆ ಹೋಗಿ ಬರುವುದು ಹೇಗೆ? ಆಟೊ ಹತ್ತಬೇಡ, ಕುಲುಕಾಟಕ್ಕೆ ಏನಾದರೂ ಆದೀತು ಎಂದು ಅತ್ತೆ ಹೇಳುತ್ತಾರೆ. ನಿಧಾನವಾಗಿ ಸ್ಕೂಟರಿನಲ್ಲಿ ನಾನೇ ಬಿಟ್ಟು ಬರುತ್ತೇನೆ ಎಂದು ಗಂಡ ಹೇಳುತ್ತಾನೆ. ಬಸ್ಸಿನ ನೂಕುನುಗ್ಗಲು ಬೇಡವೇ ಬೇಡ ಎಂದು ಅಮ್ಮ ಫೋನಿನಲ್ಲಿ ಹೇಳುತ್ತಾರೆ. ಎಲ್ಲರದ್ದೂ ಕಾಳಜಿಯೇ. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ಈ ಮಾತುಗಳಲ್ಲಿ ಅದಲುಬದಲಾಗಿರುತ್ತದೆ.

ಮುಂದೆ ಹೋಗುವ ಮುಂಚೆ ಒಂದು ವಿಷಯ. ಮಾಸು ಕೆಳಗೆ ಕೂತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದಿದ್ದರೆ, ರಕ್ತಸ್ರಾವ ಆಗಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ, ಹೊಟ್ಟೆಯಲ್ಲಿ ಅವಳಿ ಇದ್ದರೆ, ಬಿ.ಪಿ. ಏರಿದ್ದರೆ, ಹಿಂದಿನ ಸಲ ದಿನ ತುಂಬುವ ಮೊದಲೇ ಹೆರಿಗೆ ಆಗಿದ್ದರೆ, ಓಡಾಟದ ವಿಷಯದಲ್ಲಿ ನಿಮ್ಮ ವೈದ್ಯರು ಹೇಳಿದಂತೆಯೇ ನಡೆಯಿರಿ. ಇಲ್ಲಿ ಬರೆದಿರುವುದು ತೊಡಕಿಲ್ಲದೆ ಸಾಗುತ್ತಿರುವ ಬಸಿರಿಗೆ.

ಕುಲುಕಾಟಕ್ಕೆ ಹೆದರಬೇಕೇ?

ಮೊದಲ ಮೂರು ತಿಂಗಳಲ್ಲಿ ಗರ್ಭಕೋಶ ಇನ್ನೂ ಚಿಕ್ಕದು. ಸುಮಾರು 12 ವಾರದವರೆಗೆ ಅದು ಸೊಂಟದ ಮೂಳೆಗಳ ಒಳಗೇ ಇರುತ್ತದೆ. ಮಗುವಿನ ಸುತ್ತ ನೀರಿರುತ್ತದೆ, ಆಚೆ ಗರ್ಭಕೋಶದ ದಪ್ಪ ಗೋಡೆ ಇರುತ್ತದೆ. ರಸ್ತೆಯ ಗುಂಡಿ, ಹಂಪ್‌ಗಳ ಮೇಲೆ ಆಟೊ ಎದ್ದು ಬಿದ್ದ ಮಾತ್ರಕ್ಕೆ ಮಗು ಜಾರಿ ಹೋಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಗರ್ಭಪಾತ ಆಗುವುದುಂಟು. ಆದರೆ ಅದರಲ್ಲಿ ಹೆಚ್ಚಿನ ಪಾಲಿಗೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಗರ್ಭ ಕಟ್ಟುವ ಹೊತ್ತಿಗೇ ಆದ ಏರುಪೇರು ಅದು. ಹಿಂದಿನ ದಿನ ಬಸ್ಸಿನಲ್ಲಿ ಹೋಗಿದ್ದೇ ಕಾರಣ ಎಂದು ಯಾರಾದರೂ ನಿಮ್ಮನ್ನು ದೂರಿದ್ದರೆ, ಅದನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ.

ಹೆದರಬೇಕಾದ್ದು ಬೀಳುವುದಕ್ಕೆ, ಹೊಟ್ಟೆಗೆ ನೇರವಾಗಿ ಪೆಟ್ಟು ಬೀಳುವುದಕ್ಕೆ. ಐದನೇ ತಿಂಗಳ ಹೊತ್ತಿಗೆ ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬಂದಿರುತ್ತದೆ. ಆಮೇಲೆ ಮೂಳೆಯ ರಕ್ಷಣೆ ಇಲ್ಲ. ಎಡವಿ ಮುಂದಕ್ಕೆ ಬಿದ್ದರೆ ಮೊದಲು ತಾಗುವುದು ಹೊಟ್ಟೆಯೇ. ಗರ್ಭಕೋಶದ ಗೋಡೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಮಗುವಿಗೆ ರಕ್ತ, ಆಹಾರ ಕೊಡುವ ಮಾಸು ಹಾಗೆ ಹಿಗ್ಗುವುದಿಲ್ಲ. ಜೋರಾದ ಪೆಟ್ಟು ಬಿದ್ದಾಗ ಗೋಡೆ ಒಂದು ಕಡೆಗೆ ಎಳೆದುಕೊಂಡು ಮಾಸು ಗೋಡೆಯಿಂದ ಬಿಟ್ಟುಕೊಳ್ಳಬಹುದು. ಇದು ತಾಯಿಗೂ ಮಗುವಿಗೂ ಅಪಾಯ. ಮೇಲ್ನೋಟಕ್ಕೆ ಒಂದು ಗೀರೂ ಇಲ್ಲದಿದ್ದರೂ ಒಳಗೆ ಹೀಗೆ ಆಗಿರಬಹುದು.

ಇದರ ಜೊತೆಗೆ ದೇಹವೂ ಬದಲಾಗಿರುತ್ತದೆ. ಹೊಟ್ಟೆಯ ಭಾರದಿಂದ ನಡಿಗೆಯ ಸಮತೋಲ ಬೇರೆಯಾಗುತ್ತದೆ. ಹಾರ್ಮೋನುಗಳಿಂದ ಕೀಲುಗಳು ಸ್ವಲ್ಪ ಸಡಿಲವಾಗುತ್ತವೆ. ಪಾದ ಕಾಣುವುದಿಲ್ಲ. ಹಿಂದೆಲ್ಲ ನೋಡದೇ ಹತ್ತುತ್ತಿದ್ದ ಮೆಟ್ಟಿಲಲ್ಲೇ ಕಾಲು ತಪ್ಪಬಹುದು. ಹಾಗಾಗಿ ಯಾವ ಗಾಡಿ ಎಂದು ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಮನೆ ಬಾಗಿಲಿಂದ ಆಫೀಸಿನ ಬಾಗಿಲವರೆಗೆ, ಎಲ್ಲಿ ಬೀಳುವ ಸಾಧ್ಯತೆ ಕಡಿಮೆ? ಕುಲುಕಾಟ ಎಷ್ಟು ಎಂಬುದು ಅದಾದ ಮೇಲಿನ ಮಾತು.

ಸ್ಕೂಟರ್ ಮತ್ತು ಬೈಕ್

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ಕೈಗೆ ಸಿಗುವ ಗಾಡಿ ಇದೇ. ಮನೆಯವರಿಗೆ ಇದೇ ಸುರಕ್ಷಿತ ಅನಿಸುವುದೂ ಸಹಜ, ಓಡಿಸುವವರು ನಮ್ಮವರೇ ಅಲ್ಲವೇ. ಆದರೆ ಎರಡು ಚಕ್ರದ ಗಾಡಿಗೆ ಆಸರೆ ಇಲ್ಲ, ಬೆಲ್ಟ್ ಇಲ್ಲ, ಸುತ್ತ ತಗಡಿಲ್ಲ. ನಿಮ್ಮವರು ಎಷ್ಟೇ ನಿಧಾನ ಹೋದರೂ ಹಿಂದಿನಿಂದ ಬರುವ ಕಾರು, ಅಡ್ಡ ಬರುವ ನಾಯಿ, ಮಳೆನೀರಿನ ಕೆಳಗೆ ಅಡಗಿದ ಗುಂಡಿ ಅವರ ಕೈಯಲ್ಲಿಲ್ಲ. ನಿಧಾನಕ್ಕೆ ಬಿದ್ದರೂ ಬೀಳುವುದು ರಸ್ತೆಯ ಮೇಲೆಯೇ.

ನನ್ನ ಅಭಿಪ್ರಾಯ ಇಷ್ಟು. ಬೇರೆ ದಾರಿ ಇದ್ದರೆ ಬಸುರಿನ ಉದ್ದಕ್ಕೂ ಎರಡು ಚಕ್ರದ ಗಾಡಿ ಬೇಡ. ಬೇರೆ ದಾರಿ ಇಲ್ಲದಿದ್ದರೆ ಮೊದಲ ತಿಂಗಳುಗಳಿಗೆ, ಗೊತ್ತಿರುವ ಹತ್ತಿರದ ರಸ್ತೆಗೆ ಮಾತ್ರ ಇಟ್ಟುಕೊಳ್ಳಿ. ಹೊಟ್ಟೆ ಕಾಣಿಸಿಕೊಂಡ ಮೇಲೆ, ಅಂದರೆ ನಾಲ್ಕು-ಐದನೇ ತಿಂಗಳಿಂದ, ಬಿಟ್ಟುಬಿಡಿ. ನೀವೇ ಓಡಿಸುವವರಾದರೆ ಇನ್ನೂ ಬೇಗ ಬಿಡಿ. ಬ್ರೇಕ್ ಹಾಕಿದಾಗ, ಡಿಕ್ಕಿಯಾದಾಗ ಹ್ಯಾಂಡಲ್ ಬಂದು ತಾಗುವುದು ನೇರವಾಗಿ ಹೊಟ್ಟೆಗೆ. ಸ್ಟ್ಯಾಂಡ್ ಹಾಕುವುದು, ಗಾಡಿ ಹಿಂದಕ್ಕೆ ಎಳೆಯುವುದು, ಸಿಗ್ನಲ್‌ನಲ್ಲಿ ಒಂದು ಕಾಲಿನ ಮೇಲೆ ಭಾರ ಹೊರುವುದು, ಇವೂ ಆಗ ಕಷ್ಟ.

ಕೂರಲೇಬೇಕಾಗಿ ಬಂದರೆ ಹೀಗೆ ಮಾಡಿ. ಒಂದೇ ಕಡೆಗೆ ಕಾಲು ಹಾಕಿ ಕೂರಬೇಡಿ. ಹಾಗೆ ಕೂತಾಗ ದೇಹದ ಭಾರವೆಲ್ಲ ಒಂದು ಬದಿಗೆ ವಾಲುತ್ತದೆ, ಗಾಡಿ ತಿರುಗಿದಾಗ ಹಿಡಿತ ತಪ್ಪುತ್ತದೆ. ಚೂಡಿದಾರ್ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರಿ. ಪಾದ ಇಡಲು ಫುಟ್‌ರೆಸ್ಟ್, ಹಿಡಿಯಲು ಹಿಂದೆ ಕಂಬಿ, ಬಟ್ಟೆ ಚಕ್ರಕ್ಕೆ ಸಿಗದಂತೆ ಗಾರ್ಡ್, ಈ ಮೂರೂ ಹಿಂಬದಿ ಸವಾರರಿಗಾಗಿ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಬಹಳ ಜನ ಬೈಕ್ ಚೆಂದ ಕಾಣಲೆಂದು ಸೀರೆ ಗಾರ್ಡ್ ಬಿಚ್ಚಿಸಿರುತ್ತಾರೆ. ಮತ್ತೆ ಹಾಕಿಸಿ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಿರಿ. ಮಳೆ ಬರುತ್ತಿದ್ದರೆ, ಕತ್ತಲಾಗಿದ್ದರೆ ಆ ದಿನ ಗಾಡಿ ಬೇಡ. ಬೈಕ್ ಟ್ಯಾಕ್ಸಿಯಂತೂ ಬೇಡ. ಓಡಿಸುವವರ ಕೈ ನಿಮಗೆ ಗೊತ್ತಿಲ್ಲ, ಅವರು ಕೊಡುವ ಹೆಲ್ಮೆಟ್ ನಿಮ್ಮ ತಲೆಗೆ ಕೂರುವುದಿಲ್ಲ.

ಕಾರು, ಕ್ಯಾಬ್ ಮತ್ತು ಸೀಟ್ ಬೆಲ್ಟ್

ಬಸುರಿಯರು ಬೆಲ್ಟ್ ಹಾಕಬಾರದು, ಹೊಟ್ಟೆ ಒತ್ತುತ್ತದೆ ಎಂಬ ಮಾತು ನೀವೂ ಕೇಳಿರುತ್ತೀರಿ. ಇದು ತಪ್ಪು, ಅಪಾಯದ ತಪ್ಪು. ಬೆಲ್ಟ್ ಇಲ್ಲದೆ ಡಿಕ್ಕಿಯಾದರೆ ನೀವು ಮುಂದಿನ ಸೀಟಿಗೋ ಡ್ಯಾಶ್‌ಬೋರ್ಡಿಗೋ ಹೊಟ್ಟೆ ಮುಂದಾಗಿ ಹೋಗಿ ಬೀಳುತ್ತೀರಿ. ತಾಯಿಯನ್ನು ಉಳಿಸುವುದೇ ಮಗುವನ್ನು ಉಳಿಸುವ ದಾರಿ. ಬೆಲ್ಟ್ ಬೇಕು. ಆದರೆ ಹಾಕುವ ಜಾಗ ಸರಿಯಾಗಿರಬೇಕು.

ಬೆಲ್ಟಿಗೆ ಎರಡು ಭಾಗ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಹಾಯಬಾರದು. ಹೊಟ್ಟೆಯ ಅಡಿಯಲ್ಲಿ, ತೊಡೆಯ ಮೇಲ್ಭಾಗಕ್ಕೆ ತಾಗಿ, ಎರಡೂ ಬದಿಯ ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲಿನ ಪಟ್ಟಿ ಭುಜದಿಂದ ಇಳಿದು, ಎರಡು ಎದೆಗಳ ನಡುವೆ ಹಾದು, ಹೊಟ್ಟೆಯ ಪಕ್ಕಕ್ಕೆ ಬರಬೇಕು. ಅದನ್ನು ಕಂಕುಳ ಕೆಳಗೆ ಅಥವಾ ಬೆನ್ನ ಹಿಂದೆ ಹಾಕಬೇಡಿ. ಸಡಿಲ ಬಿಡಬೇಡಿ. ಬೆಲ್ಟಿಗೂ ಹೊಟ್ಟೆಗೂ ನಡುವೆ ದಿಂಬು ಇಡಬೇಡಿ, ಇಟ್ಟರೆ ಬೆಲ್ಟ್ ಜಾರಿ ಮೇಲಕ್ಕೆ ಬರುತ್ತದೆ. ದಪ್ಪ ಸ್ವೆಟರ್ ಇದ್ದರೆ ಸರಿಸಿ ಒಳಗಿನಿಂದ ಬೆಲ್ಟ್ ತನ್ನಿ. ಬಸುರಿಯರಿಗೆಂದೇ ಬೆಲ್ಟಿಗೆ ಸಿಕ್ಕಿಸುವ ಪಟ್ಟಿಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಮಾಮೂಲಿ ಬೆಲ್ಟನ್ನೇ ಮೇಲೆ ಹೇಳಿದಂತೆ ಹಾಕಿದರೆ ಸಾಕು, ಅದಕ್ಕೆ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ.

ಏರ್‌ಬ್ಯಾಗ್, ಅಂದರೆ ಡಿಕ್ಕಿಯಾದಾಗ ಉಬ್ಬಿ ಬರುವ ಗಾಳಿಚೀಲ, ಇರುವ ಕಾರಿನಲ್ಲಿ ಅದನ್ನು ಆಫ್ ಮಾಡಿಸಬೇಡಿ. ಬೆಲ್ಟ್ ಜೊತೆಗಿದ್ದರೆ ಅದು ಕಾಯುತ್ತದೆ. ಮುಂದೆ ಕೂರುವುದಾದರೆ ಸೀಟನ್ನು ಆದಷ್ಟು ಹಿಂದಕ್ಕೆ ತಳ್ಳಿ. ನೀವೇ ಓಡಿಸುವುದಾದರೆ ಸ್ಟೀರಿಂಗಿಗೂ ಎದೆಯ ಮೂಳೆಗೂ ನಡುವೆ ಕನಿಷ್ಠ 25 ಸೆಂ.ಮೀ. ಇರಲಿ, ಸುಮಾರು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಸ್ಟೀರಿಂಗ್ ಓರೆ ಮಾಡುವ ಸೌಲಭ್ಯ ಇದ್ದರೆ ಅದು ಹೊಟ್ಟೆಯ ಕಡೆಗಲ್ಲ, ಎದೆಯ ಕಡೆಗೆ ತಿರುಗಿರಲಿ. ಇಷ್ಟು ಅಂತರ ಇಟ್ಟರೆ ಪೆಡಲ್ ಎಟುಕುತ್ತಿಲ್ಲ ಎಂಬ ದಿನ ಬಂದಾಗ ಓಡಿಸುವುದನ್ನು ನಿಲ್ಲಿಸಿ. ವಾಂತಿಗೆ ಕೊಡುವ ಡಾಕ್ಸಿಲಮೈನ್ ಇರುವ ಮಾತ್ರೆಗಳು ನಿದ್ದೆ ತರಿಸುತ್ತವೆ. ಅದನ್ನು ತೆಗೆದುಕೊಳ್ಳುತ್ತಿದ್ದರೆ, ಕಾರು ಓಡಿಸುತ್ತೇನೆ ಎಂದು ವೈದ್ಯರಿಗೆ ತಿಳಿಸಿ.

ಕ್ಯಾಬ್‌ನಲ್ಲಿ ಇನ್ನೊಂದು ತೊಂದರೆ. ಹಿಂದಿನ ಸೀಟಿಗೆ ಕವರ್ ಹಾಕಿಸಿ ಬೆಲ್ಟ್ ಸಿಕ್ಕಿಸುವ ಬಕಲನ್ನೇ ಮುಚ್ಚಿಬಿಟ್ಟಿರುತ್ತಾರೆ. ಹತ್ತಿದ ಕೂಡಲೇ ಕೇಳಿ: "ಅಣ್ಣಾ, ಬೆಲ್ಟ್ ಬಕಲ್ ಎಲ್ಲಿದೆ? ಸ್ವಲ್ಪ ತೆಗೆದುಕೊಡಿ." ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಎಂಬುದು ಕಾನೂನು, ಹಾಕದಿದ್ದರೆ 1,000 ರೂಪಾಯಿ ದಂಡ. ಹಾಗಾಗಿ ನೀವು ಕೇಳುವುದು ಉಪಕಾರವೇನೂ ಅಲ್ಲ. ಎಡಬದಿಯಲ್ಲಿ ಕೂರಿ, ಇಳಿಯುವಾಗ ಫುಟ್‌ಪಾತ್ ಕಡೆಗೇ ಇಳಿಯಬಹುದು.

ಬಸ್ಸು

ಬಸ್ಸು ದೊಡ್ಡದು, ಭಾರವಾದದ್ದು, ನಗರದೊಳಗೆ ವೇಗವೂ ಕಡಿಮೆ. ಕೂರಲು ಸೀಟು ಸಿಕ್ಕರೆ ಇದು ಒಳ್ಳೆಯ ಆಯ್ಕೆ. ಅಪಾಯ ಇರುವುದು ಮೂರು ಹೊತ್ತಿನಲ್ಲಿ: ಹತ್ತುವಾಗ, ಇಳಿಯುವಾಗ, ನಿಂತಿರುವಾಗ ಬ್ರೇಕ್ ಬಿದ್ದರೆ.

ಎಲ್ಲಿ ಕೂರಬೇಕು? ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಸೀಟುಗಳಲ್ಲಿ ಕುಲುಕಾಟ ಕಡಿಮೆ. ಹಿಂದಿನ ಚಕ್ರದಾಚೆ ಇರುವ ಕೊನೆಯ ಸಾಲುಗಳಲ್ಲಿ ಅತಿ ಹೆಚ್ಚು, ಹಂಪ್ ಬಂದಾಗ ಅಲ್ಲಿ ಕೂತವರು ಸೀಟಿನಿಂದಲೇ ಎದ್ದು ಬೀಳುತ್ತಾರೆ. ಮಗುವಿಗೆ ಅದರಿಂದ ಏನೂ ಆಗದಿದ್ದರೂ ನಿಮ್ಮ ಸೊಂಟ, ಬೆನ್ನು ನೋಯುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಮಹಿಳೆಯರ ಸೀಟುಗಳು ಮುಂಭಾಗದಲ್ಲೇ ಇರುವುದು ಈ ಮಟ್ಟಿಗೆ ಅನುಕೂಲ. ಅವುಗಳಲ್ಲಿ ಮಧ್ಯಕ್ಕೆ ಹತ್ತಿರವಾದದ್ದನ್ನು ನೋಡಿಕೊಳ್ಳಿ.

ಸೀಟು ಕೇಳಲು ಸಂಕೋಚ ಬೇಡ. ತಲೆಸುತ್ತು, ವಾಕರಿಕೆ, ಸುಸ್ತು ಹೆಚ್ಚಾಗಿರುವುದು ಮೊದಲ ಮೂರು ತಿಂಗಳಲ್ಲಿ. ಆಗ ಹೊಟ್ಟೆ ಕಾಣುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಬಾಯಿ ಬಿಟ್ಟು ಹೇಳಬೇಕು. "ಅಕ್ಕಾ, ನಾನು ಬಸುರಿ, ತಲೆ ಸುತ್ತುತ್ತಾ ಇದೆ, ಸ್ವಲ್ಪ ಜಾಗ ಕೊಡ್ತೀರಾ?" ಎಂದರೆ ನಮ್ಮ ಬಸ್ಸುಗಳಲ್ಲಿ ಎದ್ದು ನಿಲ್ಲುವವರು ಇದ್ದೇ ಇರುತ್ತಾರೆ. ಯಾರೂ ಏಳದಿದ್ದರೆ ಕಂಡಕ್ಟರ್‌ಗೆ ಹೇಳಿ. ನಿಲ್ಲಲೇಬೇಕಾದರೆ ಮೇಲಿನ ಹಿಡಿಗೆ ಕೈ ಎತ್ತಿ ಜೋತಾಡಬೇಡಿ, ನೆಟ್ಟಗಿರುವ ಕಂಬಿ ಹಿಡಿಯಿರಿ. ಬಸ್ಸು ಹೋಗುವ ದಿಕ್ಕಿಗೆ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಇಟ್ಟು ನಿಂತರೆ ಬ್ರೇಕ್ ತಡೆಯಬಹುದು.

ಇಳಿಯುವಾಗ ನಮ್ಮಲ್ಲಿ ಒಂದು ಅಭ್ಯಾಸವಿದೆ. ಸ್ಟಾಪ್ ಬರುವ ಮುಂಚೆಯೇ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತೇವೆ. ಈ ಒಂಬತ್ತು ತಿಂಗಳು ಅದನ್ನು ಬಿಡಿ. ಹತ್ತುವಾಗಲೇ ಕಂಡಕ್ಟರ್‌ಗೆ "ಬಸುರಿ ಇದ್ದೀನಿ ಸಾರ್, ನಾನು ಇಳಿಯೋವರೆಗೂ ಸೀಟಿ ಹೊಡೀಬೇಡಿ" ಎಂದು ಹೇಳಿಡಿ. ಬಸ್ಸು ಪೂರ್ತಿ ನಿಂತ ಮೇಲೆ ಏಳಿ. ಕೈಯಲ್ಲಿ ಬ್ಯಾಗು, ಟಿಫಿನ್ ಡಬ್ಬಿ, ಕೊಡೆ ಎಲ್ಲ ಹಿಡಿದು ಇಳಿಯಬೇಡಿ. ಬೆನ್ನಿಗೆ ಹಾಕುವ ಒಂದೇ ಬ್ಯಾಗಿನಲ್ಲಿ ಎಲ್ಲ ಇರಲಿ, ಎರಡೂ ಕೈ ಖಾಲಿ ಇರಲಿ.

ಆಯ್ಕೆ ಇದ್ದರೆ ಲೋ-ಫ್ಲೋರ್ ಬಸ್ಸಿಗೆ ಕಾಯಿರಿ. ಅಂದರೆ ಬಾಗಿಲಲ್ಲಿ ಎತ್ತರದ ಮೆಟ್ಟಿಲುಗಳಿಲ್ಲದೆ, ರಸ್ತೆಯಿಂದ ಒಂದೇ ಹೆಜ್ಜೆಗೆ ಒಳಗೆ ಹೋಗುವಂಥ ಬಸ್ಸು. ವೋಲ್ವೊ ವಜ್ರ ಬಸ್ಸುಗಳು ಹೀಗಿವೆ, ಎಲೆಕ್ಟ್ರಿಕ್ ಬಸ್ಸುಗಳಲ್ಲಿಯೂ ಇಂಥವಿವೆ. ತುಂಬಿದ ಬಸ್ಸು ಬಂದರೆ ಬಿಟ್ಟುಬಿಡಿ. ಮುಂದಿನದು ಎಲ್ಲಿದೆ ಎಂಬುದನ್ನು 'ನಮ್ಮ ಬಿಎಂಟಿಸಿ' ಆ್ಯಪ್ ತೋರಿಸುತ್ತದೆ. ಸಾಧ್ಯವಾದರೆ ಬಸ್ಸು ಹೊರಡುವ ನಿಲ್ದಾಣದಿಂದಲೇ ಹತ್ತಿ. ಎರಡು ಸ್ಟಾಪ್ ಹಿಂದಕ್ಕೆ ನಡೆದರೂ ಸರಿ, ಸೀಟು ಖಚಿತ.

ಖರ್ಚಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜ್ಯದ ವಿಳಾಸವಿರುವ ಆಧಾರ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಎ.ಸಿ. ಇರುವ ವಜ್ರ, ವಾಯುವಜ್ರಕ್ಕೆ ಇದು ಅನ್ವಯಿಸುವುದಿಲ್ಲ, ಅಲ್ಲಿ ದುಡ್ಡು ಕೊಡಬೇಕು. ಹೀಗೆ ಬಸ್ಸಿನಲ್ಲಿ ಉಳಿದ ದುಡ್ಡನ್ನು ಮನೆಯಿಂದ ಸ್ಟಾಪಿಗೆ ಆಟೊ ಹಿಡಿಯಲೋ, ತೀರಾ ಸುಸ್ತಾದ ದಿನ ಕ್ಯಾಬ್ ಮಾಡಲೋ ಬಳಸಬಹುದು.

ಮೆಟ್ರೊ

ನಿಮ್ಮ ದಾರಿಯಲ್ಲಿ ಮೆಟ್ರೊ ಇದ್ದರೆ ಅದಕ್ಕೇ ನನ್ನ ಮೊದಲ ಮತ. ಗುಂಡಿ ಇಲ್ಲ, ಹಂಪ್ ಇಲ್ಲ, ಹೊಗೆ ಇಲ್ಲ. ಪ್ಲಾಟ್‌ಫಾರ್ಮೂ ಬೋಗಿಯ ನೆಲವೂ ಒಂದೇ ಮಟ್ಟ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂಬುದು ಮೊದಲೇ ಗೊತ್ತಿರುತ್ತದೆ, ಬಸುರಿಗೆ ಇದು ದೊಡ್ಡ ನೆಮ್ಮದಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ ಓಡುತ್ತವೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಬಂತು.

ತೊಂದರೆ ಇರುವುದು ಜನಸಂದಣಿಯಲ್ಲಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವುದು ಗಟ್ಟಿಮುಟ್ಟಾದವರಿಗೂ ಕಷ್ಟ. ಮುಂದಿನ ಬೋಗಿಯಲ್ಲಿ ಮಹಿಳೆಯರಿಗೆ ಜಾಗ ಮೀಸಲಿದೆ, ಪ್ಲಾಟ್‌ಫಾರ್ಮಿನಲ್ಲಿ ಅಲ್ಲಿಯೇ ಹೋಗಿ ನಿಲ್ಲಿ. ಲಿಫ್ಟ್ ಎಲ್ಲಿದೆ ಎಂದು ಒಮ್ಮೆ ಬಿಡುವಾದಾಗ ನೋಡಿಟ್ಟುಕೊಳ್ಳಿ. ಎಸ್ಕಲೇಟರ್‌ನಲ್ಲಿ ಸೆರಗು, ದುಪಟ್ಟಾ ಎತ್ತಿ ಹಿಡಿದು ಕೈಪಟ್ಟಿ ಹಿಡಿದುಕೊಳ್ಳಿ.

2025ರ ಫೆಬ್ರುವರಿಯಲ್ಲಿ ಪರಿಷ್ಕರಿಸಿದ ದರದಂತೆ ಮೆಟ್ರೊ ಟಿಕೆಟ್ ಕನಿಷ್ಠ 10, ಗರಿಷ್ಠ 90 ರೂಪಾಯಿ. ಸ್ಮಾರ್ಟ್ ಕಾರ್ಡ್ ಇದ್ದರೆ ಶೇ 5 ರಿಯಾಯಿತಿ. ಬೆಳಿಗ್ಗೆ 8ರ ಮುಂಚೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ನಂತರ ಇನ್ನೊಂದು ಶೇ 5. ಅದು ನಾಲ್ಕು ಕಾಸಿನ ಉಳಿತಾಯ ಮಾತ್ರ. ಆ ಹೊತ್ತಿನಲ್ಲಿ ಸೀಟು ಸಿಗುತ್ತದಲ್ಲ, ಅದು ದೊಡ್ಡದು.

ಎಲ್ಲರೂ ಕೇಳುವ ಒಂದು ಅನುಮಾನ ಇಲ್ಲಿಯೇ ಬಗೆಹರಿಸುತ್ತೇನೆ. ನಿಲ್ದಾಣದ ಬಾಗಿಲಲ್ಲಿ ಹಾದುಹೋಗುವ ಚೌಕಟ್ಟು, ಕೈಯಲ್ಲಿ ಹಿಡಿದು ಆಡಿಸುವ ಯಂತ್ರ, ಇವು ಮಗುವಿಗೆ ಕೆಡುಕೇ? ಇಲ್ಲ. ಇವು ಲೋಹ ಪತ್ತೆ ಮಾಡುವ ಯಂತ್ರಗಳು, ದುರ್ಬಲ ಕಾಂತಕ್ಷೇತ್ರದಿಂದ ಕೆಲಸ ಮಾಡುತ್ತವೆ. ಎಕ್ಸ್‌ರೇ ಅಲ್ಲ. ಬ್ಯಾಗು ಹೋಗುವ ಪೆಟ್ಟಿಗೆಯಲ್ಲಿ ಎಕ್ಸ್‌ರೇ ಇರುತ್ತದೆ. ಅದಕ್ಕೆ ಸುತ್ತ ತಡೆ ಹಾಕಿರುತ್ತಾರೆ, ಪಕ್ಕದಲ್ಲಿ ನಡೆದುಹೋದರೆ ಏನೂ ಆಗುವುದಿಲ್ಲ. ಬ್ಯಾಗು ತೆಗೆಯಲು ಪೆಟ್ಟಿಗೆಯ ಒಳಗೆ ಕೈ ಹಾಕಬೇಡಿ, ಅಷ್ಟೇ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಯಂತ್ರ ಬೇಡ, ಕೈಯಲ್ಲೇ ತಪಾಸಣೆ ಮಾಡಿ ಎಂದು ಮಹಿಳಾ ಸಿಬ್ಬಂದಿಯನ್ನು ಕೇಳಿ.

ಆಟೊ

ಆಟೊ ಕುಲುಕುತ್ತದೆ, ಹೊಗೆ ಬರುತ್ತದೆ, ಬೆಲ್ಟ್ ಇಲ್ಲ. ಆದರೂ ಎರಡು ಚಕ್ರದ ಗಾಡಿಗಿಂತ ವಾಸಿ. ಮೂರು ಚಕ್ರ ಇರುವುದರಿಂದ ಮಾಮೂಲಿಯಾಗಿ ವಾಲುವುದಿಲ್ಲ, ನೀವು ಹಿಂದಕ್ಕೆ ಒರಗಿ ಕೂರಬಹುದು. ಮನೆಯಿಂದ ಮೆಟ್ರೊಗೆ, ಸ್ಟಾಪಿನಿಂದ ಆಫೀಸಿಗೆ ಇದೇ ತಕ್ಕದ್ದು. ಅಂಚಿನಲ್ಲಿ ಕೂರದೆ ಸೀಟಿನ ಮಧ್ಯದಲ್ಲಿ ಕೂತು, ಚಾಲಕರ ಹಿಂದಿನ ಕಂಬಿ ಹಿಡಿದುಕೊಳ್ಳಿ. ಮೂಗು-ಬಾಯಿಗೆ ಎನ್-95 ಮಾಸ್ಕ್ ಹಾಕಿದರೆ ದೂಳಿನ ಸಣ್ಣ ಕಣಗಳನ್ನು ತಡೆಯುತ್ತದೆ. ಹತ್ತುವಾಗಲೇ ಹಂಪ್‌ನಲ್ಲಿ ನಿಧಾನ ಹೋಗಿ ಎಂದು ಹೇಳಿ. ಹೇಳಿದರೆ ಹೆಚ್ಚಿನವರು ಕೇಳುತ್ತಾರೆ.

2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ ಮೀಟರ್ ದರ. 6 ಕಿ.ಮೀ.ಗೆ 108 ರೂಪಾಯಿ ಆಯಿತು. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಒಂದೇ ದಾರಿಯಲ್ಲಿ ದಿನಾ ಹೋಗುವುದಾದರೆ, ನಿಮ್ಮ ಬೀದಿಯ ನಂಬಿಕಸ್ಥ ಆಟೊದವರ ಜೊತೆ ತಿಂಗಳಿಗೆ ಮಾತಾಡಿಕೊಳ್ಳುವುದು ಒಳ್ಳೆಯದು. ಓಡಿಸುವವರಿಗೂ ನಿಮ್ಮ ಸ್ಥಿತಿ ಗೊತ್ತಿರುತ್ತದೆ, ಅವಸರ ಮಾಡುವುದಿಲ್ಲ.

ದಾರಿಯಲ್ಲಿ ದೇಹ ನೋಡಿಕೊಳ್ಳುವುದು

ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಎಂದು ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಹೊರಡುತ್ತಾರೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ದಿನನಿತ್ಯ ಆಗುವ ಹಾನಿ ಇದೇ. ನೀರು ಕಡಿಮೆಯಾದರೆ ತಲೆ ಸುತ್ತುತ್ತದೆ. ಮೂತ್ರ ತಡೆದರೆ ಸೋಂಕು ಆಗಬಹುದು, ಬಸುರಿನಲ್ಲಿ ಆ ಸೋಂಕು ಮೂತ್ರಪಿಂಡಕ್ಕೆ ಏರುವುದು, ಬೇಗ ನೋವು ಶುರುವಾಗುವುದು ಉಂಟು. ನೀರು ಬಿಡುವ ಬದಲು ದಾರಿಯನ್ನೇ ಶೌಚಾಲಯ ನೋಡಿ ಆರಿಸಿ. ದೊಡ್ಡ ಬಸ್ ನಿಲ್ದಾಣ, ಮೆಟ್ರೊ ನಿಲ್ದಾಣ, ಪೆಟ್ರೋಲ್ ಬಂಕ್, ಆಸ್ಪತ್ರೆ, ಹೋಟೆಲು, ಇವು ಎಲ್ಲೆಲ್ಲಿ ಬರುತ್ತವೆ ಎಂದು ನೋಡಿಟ್ಟುಕೊಳ್ಳಿ. ಪ್ರಯಾಣ ಐದು ನಿಮಿಷ ಹೆಚ್ಚಾದರೂ ಆ ದಾರಿಯೇ ಮೇಲು.

ಖಾಲಿ ಹೊಟ್ಟೆಯಲ್ಲಿ ಹೊರಟರೆ ವಾಕರಿಕೆ ಹೆಚ್ಚು. ಹೊರಡುವ ಮುಂಚೆ ಸ್ವಲ್ಪ ಏನಾದರೂ ತಿನ್ನಿ. ಬ್ಯಾಗಿನಲ್ಲಿ ಹುರಿಗಡಲೆ, ಮಂಡಕ್ಕಿ, ರಸ್ಕ್ ಇರಲಿ. ಒಂದು ನಿಂಬೆಹಣ್ಣು, ಎರಡು ಗಟ್ಟಿ ಪ್ಲಾಸ್ಟಿಕ್ ಚೀಲ ಇರಲಿ. ಬಹಳ ಹೊತ್ತು ನಿಂತರೆ ರಕ್ತ ಕಾಲಿಗೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಹಾಗಾದರೆ ನಾಚಿಕೆ ಪಡದೆ ಕೂತುಬಿಡಿ, ನೆಲದ ಮೇಲಾದರೂ ಸರಿ. ಬಹಳ ಹೊತ್ತು ಕೂತರೂ ತೊಂದರೆಯೇ. ಬಸುರಿನಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಬೇರೆ ಹೊತ್ತಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಸಂಚಾರ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ಪಾದ ಮೇಲೆ-ಕೆಳಗೆ ಆಡಿಸುತ್ತಿರಿ. ಒಂದೇ ಕಾಲು ಊದಿಕೊಂಡು, ನೋವಿದ್ದು, ಬಿಸಿಯಾಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಚಪ್ಪಲಿ ಹಿಮ್ಮಡಿಗೆ ಪಟ್ಟಿ ಇರುವಂಥದ್ದು, ಚಪ್ಪಟೆ ಅಡಿಯದ್ದು, ಜಾರದಂಥದ್ದು ಇರಲಿ.

ಬಿದ್ದರೆ ಏನು ಮಾಡಬೇಕು?

ಐದನೇ ತಿಂಗಳು ದಾಟಿದ ಮೇಲೆ ಬಿದ್ದರೆ, ಡಿಕ್ಕಿಯಾದರೆ, ಹೊಟ್ಟೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಮನೆಗೆ ಹೋಗಿ ಮಲಗಿ ನೋಡೋಣ ಎನ್ನಬೇಡಿ. ಮಾಸು ಬಿಟ್ಟುಕೊಂಡ ಲಕ್ಷಣ ಕಾಣಲು ಕೆಲವು ಗಂಟೆ ಹಿಡಿಯಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ, ಮಗುವಿನ ಹೃದಯ ಬಡಿತವನ್ನೂ ಗರ್ಭಕೋಶ ಬಿಗಿಯುವುದನ್ನೂ ಸುಮಾರು ನಾಲ್ಕು ಗಂಟೆ ಗಮನಿಸುತ್ತಾರೆ. ಈ ಯಂತ್ರಕ್ಕೆ ಸಿ.ಟಿ.ಜಿ. ಎನ್ನುತ್ತಾರೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ನೀವಾಗಿಯೇ ಹೇಳಿ. ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದ್ದರೆ ಮುಂದೆ ತೊಂದರೆ ಆಗದಂತೆ ಆಂಟಿ-ಡಿ ಎಂಬ ಇಂಜೆಕ್ಷನ್ ಬೇಕಾಗುತ್ತದೆ, ಅದನ್ನು 72 ಗಂಟೆಯೊಳಗೆ ಕೊಡಬೇಕು. ಈ ಕಾರಣಕ್ಕೇ ತಾಯಿ ಕಾರ್ಡನ್ನು, ಅಥವಾ ಅದರ ಫೋಟೊವನ್ನು, ಸದಾ ಜೊತೆಗಿಟ್ಟುಕೊಳ್ಳಿ.

ಬೀಳದಿದ್ದರೂ ಪ್ರಯಾಣದಲ್ಲಿ ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲವಾಗದಿದ್ದರೆ, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮಗುವಿನ ಚಲನೆ ಎಂದಿಗಿಂತ ಕಡಿಮೆಯಾದರೆ, ಆಫೀಸಿಗಲ್ಲ, ನೇರ ಆಸ್ಪತ್ರೆಗೆ.

ಆಫೀಸಿನಲ್ಲಿ ಏನು ಕೇಳಬಹುದು?

ಬಸುರಿನಲ್ಲಿ ಮನೆಯಿಂದಲೇ ಕೆಲಸ ಕೊಡಬೇಕೆಂಬ ಕಡ್ಡಾಯ ಕಾನೂನಿನಲ್ಲಿ ಇಲ್ಲ. ಆದರೆ ವೈದ್ಯರ ಚೀಟಿ ಇಟ್ಟು ಕೇಳಲು ಅಡ್ಡಿಯಿಲ್ಲ. ಎಲ್ಲ ದಿನವೂ ಅಲ್ಲದಿದ್ದರೆ ವಾರಕ್ಕೆ ಎರಡು ದಿನ ಕೇಳಿ. ಅದೂ ಆಗದಿದ್ದರೆ ಒಂದು ಗಂಟೆ ಮುಂಚೆ ಬಂದು ಮುಂಚೆ ಹೋಗುವ ಅನುಮತಿ ಕೇಳಿ, ಜನಸಂದಣಿ ತಪ್ಪುತ್ತದೆ. ಹೆರಿಗೆ ರಜೆ 1961ರ ಕಾಯ್ದೆಯಲ್ಲಿದ್ದ 12 ವಾರದಿಂದ 2017ರಲ್ಲಿ 26 ವಾರಕ್ಕೆ ಏರಿತು, ಇದು ಮೊದಲ ಎರಡು ಮಕ್ಕಳಿಗೆ. ಅದರಲ್ಲಿ ಗರಿಷ್ಠ 8 ವಾರವನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಬಹಳ ಜನ ಮಗು ಬಂದ ಮೇಲಿಗೆ ಇರಲಿ ಎಂದು ಕೊನೆಯ ದಿನದವರೆಗೂ ಓಡಾಡುತ್ತಾರೆ. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಕಳೆಯುವವರು ಎರಡು-ಮೂರು ವಾರವನ್ನಾದರೂ ಮುಂಚೆಯೇ ಬಳಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ಇಎಸ್‌ಐ ಇರುವವರಿಗೂ 26 ವಾರದ ಸಂಬಳ ಸಹಿತ ರಜೆ ಇದೆ. ಅದು ಇಎಸ್‌ಐ ಮೂಲಕ ಬರುತ್ತದೆ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನದ ವಂತಿಗೆ ಕಟ್ಟಿರಬೇಕು. ಕಂಪನಿ ಗಾಡಿಯಲ್ಲಿ ಒತ್ತೊತ್ತಾಗಿ ನಿಂತು ಹೋಗಬೇಕಾದ ಕಡೆ, ಬಸುರಿಯರಿಗೆ ಮುಂಚೆ ಹತ್ತಲು, ಕೂತು ಹೋಗಲು ಬಿಡಿ ಎಂದು ನಾಲ್ಕೈದು ಜನ ಸೇರಿ ಕೇಳಿ. ಒಬ್ಬರೇ ಕೇಳಿದರೆ ಒಬ್ಬರಿಗೆ ಸಿಗುತ್ತದೆ, ಸೇರಿ ಕೇಳಿದರೆ ಮುಂದೆ ಬರುವವರಿಗೂ ಸಿಗುತ್ತದೆ.

ತವರಿಗೆ, ಆಸ್ಪತ್ರೆಗೆ

ಸೀಮಂತ ಮುಗಿಸಿ ತವರಿಗೆ ಹೋಗುವ ದೂರದ ಪ್ರಯಾಣಕ್ಕೆ ರೈಲು ಮೇಲು. ಎದ್ದು ಓಡಾಡಬಹುದು, ಶೌಚಾಲಯವಿದೆ. ಬಸುರಿಯರಿಗೆ ಕೆಳಗಿನ ಬರ್ತ್‌ನ ಮೀಸಲು ಕೋಟಾ ಇದೆ. ರಿಸರ್ವೇಷನ್ ಕೌಂಟರ್‌ನಲ್ಲಿ ವೈದ್ಯರ ಪ್ರಮಾಣಪತ್ರ ತೋರಿಸಿ ಕೇಳಿ. ರಾತ್ರಿಯ ಸ್ಲೀಪರ್ ಬಸ್ಸೇ ಗತಿಯಾದರೆ ಕೆಳಗಿನ ಬರ್ತ್ ತೆಗೆದುಕೊಳ್ಳಿ, ಹಿಂದಿನ ಚಕ್ರದ ಮೇಲಿನದು ಬೇಡ, ಮಧ್ಯದ್ದಿರಲಿ.

ನೋವು ಶುರುವಾದ ದಿನ ಆಟೊ, ಸ್ಕೂಟರ್ ಹುಡುಕುವುದು ಬೇಡ. 108ಕ್ಕೆ ಕರೆ ಮಾಡಿ, ಉಚಿತ. ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆ ಹೋಗುವುದು, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವುದು, ಮಗುವಿನೊಂದಿಗೆ ಮನೆಗೆ ಬಿಡುವುದು, ಮೂರಕ್ಕೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ವಾಹನ ಉಚಿತ. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. 108ಕ್ಕೆ ಕರೆ ಮಾಡಿದಾಗ ಎಷ್ಟನೇ ತಿಂಗಳು, ಎಷ್ಟನೇ ಹೆರಿಗೆ, ನೀರು ಅಥವಾ ರಕ್ತ ಹೋಗುತ್ತಿದೆಯೇ, ಮನೆಗೆ ಹತ್ತಿರದ ಗುರುತು ಯಾವುದು, ಇಷ್ಟನ್ನು ಹೇಳಬೇಕಾಗುತ್ತದೆ. ಆ ಹೊತ್ತಿನಲ್ಲಿ ಹೇಳಲು ನಿಮಗೆ ಆಗದಿರಬಹುದು, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಕೊಟ್ಟಿರಿ.